ಐದನೇ ತುಂಡು

ಹುಕ್ಕು ಕೂಡಲಿಲ್ಲ. ಥೋವಾ ಇನ್ನೊಮ್ಮೆ ಎಳೆದಳು. ಕೆಂಪು ರೇಷ್ಮೆ ಕಂಕುಳಿನಿಂದ ಸೊಂಟದವರೆಗೆ ಬಿಗಿದು ನಿಂತರೂ ಎರಡು ಅಂಚುಗಳ ನಡುವೆ ಹೆಬ್ಬೆರಳಿನಷ್ಟು ಮೈ ಕಾಣುತ್ತಲೇ ಇತ್ತು. ಹೊಸವರ್ಷದ ತೆಟ್ ಹಬ್ಬಕ್ಕೆ ಮುಂಚೆ ಅಳತೆ ತೆಗೆದಾಗ ಇದೇ ಹುಡುಗಿ ಕಡ್ಡಿಯ ಹಾಗಿದ್ದಳು. ಥೋವಾ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಮಾತಾಡಲು ಬಾಯಿ ಖಾಲಿ ಇರಬೇಕಲ್ಲ.

"ಎಷ್ಟು ತಿಂಗಳು?" ಎಂದು ಪಿಸುಗುಟ್ಟಿದಳು.

ದಿಯೆಪ್ ಕನ್ನಡಿಯತ್ತ ನೋಡಿದಳು, ಆಮೇಲೆ ಪರದೆಯತ್ತ. "ಮೂರು ತುಂಬ್ತು ಚಿಕ್ಕಮ್ಮ."

"ವಿನ್‌ಗೆ ಗೊತ್ತಾ?"

"ಗೊತ್ತು. ಮದುವೆ ಆಗ್ಲಿ, ಆಮೇಲೆ ಅಮ್ಮಂಗೆ ಹೇಳೋಣ ಅಂತಾನೆ."

"ಅವನೇನು ಹೇಳೋದು, ಹೊಟ್ಟೇನೇ ಹೇಳುತ್ತೆ."

ಪರದೆಯ ಆಚೆ ಶುಂಠಿ ಮಿಠಾಯಿ ಕಚ್ಚುತ್ತ ಟೀ ಕುಡಿಯುತ್ತಿದ್ದವರು ವಿನ್‌ನ ತಾಯಿ ಸುವೊಂಗ್. ದಿಯೆಪ್‌ಗೆ ತಾಯಿಯಿಲ್ಲ; ಹಾಗಾಗಿ ಭಾವೀ ಅತ್ತೆಯೇ ರೇಷ್ಮೆ ಆರಿಸಿ, ದರ್ಜಿಯಂಗಡಿಗೂ ಜೊತೆಗೆ ಬಂದಿದ್ದರು. ಹ್ವೇ ಪಟ್ಟಣದ ಹಳೆಯ ಮನೆತನ ಅವರದು. ಅವರ ಓಣಿಯಲ್ಲಿ ಬಸುರಿಯಾಗಿ ಬರುವ ಮದುಮಗಳಿಗೆ ಮುಂಬಾಗಿಲಿಲ್ಲ. ಹಿತ್ತಲ ಕಡೆಯಿಂದ, ಅಡುಗೆಮನೆಯ ತೊಳೆಯದ ಪಾತ್ರೆಗಳನ್ನು ದಾಟಿಕೊಂಡು ಒಳಗೆ ಬರಬೇಕು. ಇಲ್ಲದಿದ್ದರೆ ಮನೆಗೆ ದರಿದ್ರ ಸುತ್ತಿಕೊಳ್ಳುತ್ತದಂತೆ. ಹೋದ ವರ್ಷ ಸುವೊಂಗ್ ಅವರ ಗಂಡನ ಅಕ್ಕ ಲಾಯ್ ತಮ್ಮ ಸ್ವಂತ ಸೊಸೆಯನ್ನೇ ಹಾಗೆ ಒಳಗೆ ಕರೆದುಕೊಂಡಿದ್ದರು. ಓಣಿಯವರೆಲ್ಲ ಫೋನು ಎತ್ತಿ ಹಿಡಿದಿದ್ದರು, ದೊಡ್ಡ ಸಿನಿಮಾ ನಡೆಯುತ್ತಿರುವ ಹಾಗೆ. ಆ ಹುಡುಗಿ ಈಗಲೂ ಬೀದಿಗೆ ಬಂದರೆ ತಲೆ ಎತ್ತುವುದಿಲ್ಲ.

"ನಾನು ಹಿಂಬಾಗಿಲಿಂದ ಹೋಗಲ್ಲ ಚಿಕ್ಕಮ್ಮ," ಎಂದಳು ದಿಯೆಪ್. "ಅಪ್ಪ ಪಕ್ಕದಲ್ಲೇ ಇರ್ತಾರೆ. ಅವರ ಮುಂದೆ ಆಗಲ್ಲ."

ಥೋವಾ ಹೆಸರು ಮಾಡಿದ್ದೇ ಬಿಗಿ ಸೊಂಟದ ಆವೊ ಯಾಯ್ ಹೊಲಿದು. ಪಕ್ಕ ಸೀಳಿದ ಆ ನಿಲುವಂಗಿ ಅವಳ ಕತ್ತರಿಗೆ ಸಿಕ್ಕರೆ ಮೈಗೆ ಎರಡನೇ ಚರ್ಮವಾಗುತ್ತಿತ್ತು. ಈಚೆಗೆ ಊರಿನ ಹುಡುಗ ಹುಡುಗಿಯರು ಮುತ್ತಜ್ಜಿಯ ಕಾಲದ ಸಡಿಲ ಅಂಗಿಯನ್ನು ಮತ್ತೆ ಹೊರಗೆ ತೆಗೆದಿದ್ದರು. ಐದು ತುಂಡು ಕೂಡಿಸಿ ಹೊಲಿಯುವ ಅಂಗಿ. ಭುಜದಿಂದ ನೆಟ್ಟಗೆ ಇಳಿಯುತ್ತದೆ, ಸೊಂಟ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ತೊಟ್ಟು ಸ್ಕೂಟರಿನಲ್ಲಿ ಅರಮನೆಗೆ ಹೋಗಿ ಫೋಟೋ ತೆಗೆಸಿಕೊಳ್ಳುವುದೇ ಈಗಿನ ಫ್ಯಾಶನ್ನು. ಥೋವಾಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಅವಳು ಪರದೆ ಸರಿಸಿ ಹೊರಗೆ ಬಂದಳು.

"ಅಕ್ಕಾ, ಒಂದು ಮಾತು. ಈ ಬಿಗಿ ಅಂಗಿ ಹಳೇದಾಯ್ತು. ಹೋಟೆಲ್ ಬಾಗಿಲಲ್ಲಿ ನಿಂತು ಸ್ವಾಗತ ಹೇಳೋ ಹುಡುಗೀರು ಮಾತ್ರ ಹಾಕ್ತಾರೆ. ಒಳ್ಳೆ ಮನೆತನದೋರೆಲ್ಲ ಐದು ತುಂಡಿಂದೇ ಕೇಳ್ತಿದಾರೆ."

"ಹೋದ ತಿಂಗಳು ಅದನ್ನ ಅಜ್ಜಿ ಚೀಲ ಅಂದೆ," ಎಂದರು ಸುವೊಂಗ್. "ಒಳಗೆ ಎರಡು ಬಾತುಕೋಳಿ ಬಚ್ಚಿಟ್ಕೊಂಡು ಬರಬಹುದು ಅಂತ ನಕ್ಕೋಳು ನೀನೇ."

"ಫ್ಯಾಶನ್ನು ತಿರುಗಿದ ಹಾಗೆ ನಾಲಿಗೇನೂ ತಿರುಗಬೇಕಕ್ಕಾ. ಎಲ್ಲಾ ಹೊಟ್ಟೆಪಾಡು."

ಹೊಟ್ಟೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಥೋವಾ ತುಟಿ ಕಚ್ಚಿಕೊಂಡಳು.

ಸುವೊಂಗ್ ಕಪ್ಪು ಕೆಳಗಿಟ್ಟರು. "ಹುಡುಗಿ ಹೊರಗೆ ಬರಲಿ. ಮೈಮೇಲಿರೋದನ್ನ ನೋಡೋಣ."

"ಪಿನ್ನು ಇದಾವೆ ಅಕ್ಕಾ, ಚುಚ್ಚುತ್ತೆ."

"ಚುಚ್ಚಲಿ ಬಿಡು," ಎಂದು ಎದ್ದು ಬಂದು ಪರದೆ ಎಳೆದರು.

ದಿಯೆಪ್ ಕೈ ಅಡ್ಡ ಹಿಡಿಯಲಿಲ್ಲ. ಹಿಡಿದಿದ್ದರೂ ಏನೂ ಮುಚ್ಚುತ್ತಿರಲಿಲ್ಲ. ಸುವೊಂಗ್ ಆ ತೆರೆದ ಅಂಚುಗಳನ್ನೇ ನೋಡುತ್ತ ನಿಂತರು. ಬೀದಿಯಲ್ಲಿ ಬನ್ನು ಮಾರುವವನ ಧ್ವನಿವರ್ಧಕ ಕೂಗುತ್ತ ಬಂತು, ಕೂಗುತ್ತ ಹೋಯಿತು. ಅವರು ಕೈ ಚಾಚಿ ಎರಡು ಅಂಚುಗಳನ್ನು ಹಿಡಿದು ತಾವೂ ಒಮ್ಮೆ ಎಳೆಯಲು ನೋಡಿದರು. ಏನೋ ನೆನಪಾದಂತೆ ತಟ್ಟನೆ ಬಿಟ್ಟುಬಿಟ್ಟರು.

"ಆ ಐದನೇ ತುಂಡು ಎಲ್ಲಿ ಬರುತ್ತೆ?" ಎಂದು ಥೋವಾಳನ್ನು ಕೇಳಿದರು.

"ಒಳಗೆ, ಮುಂಭಾಗದ ತುಂಡಿನ ಕೆಳಗೆ. ಹೊರಗಿನ ನಾಲ್ಕು ಅಂದ್ರೆ ಗಂಡು ಹೆಣ್ಣು ಎರಡೂ ಕಡೆ ಅಪ್ಪ ಅಮ್ಮ. ಒಳಗಿಂದು ತೊಟ್ಟೋಳು."

"ಕಾಣುತ್ತಾ?"

"ಕಾಣಲ್ಲ. ಆ ನಾಲ್ಕು ಸೇರಿ ಮುಚ್ಕೊಳ್ಳುತ್ತೆ."

"ಹಾಗಾದ್ರೆ ಸಡಿಲವಾಗೇ ಹೊಲಿ. ಬಟ್ಟೆ ಸಾಲದಿದ್ರೆ ಡೊಂಗ್ ಬಾ ಮಾರ್ಕೆಟ್ಟಿಂದ ನಾನೇ ತರ್ತೀನಿ." ಬಾಗಿಲ ತನಕ ಹೋದವರು ತಿರುಗಿ ದಿಯೆಪ್‌ಗೆ ಹೇಳಿದರು. "ಆ ಶುಂಠಿ ಮಿಠಾಯಿ ತಿನ್ನು. ವಾಕರಿಕೆ ನಿಲ್ಲುತ್ತೆ."

ಅವರು ಹೋದ ಮೇಲೆ ದಿಯೆಪ್ ಅತ್ತಳು. ರೇಷ್ಮೆಗೆ ಕಲೆಯಾಗುತ್ತದೆಂದು ಥೋವಾ ಬೈದಳು. ಆದರೆ ಬಾಗಿಲಿನ ವಿಷಯ ಅತ್ತೆ ಎತ್ತಲೇ ಇಲ್ಲವಲ್ಲ ಎಂದು ಇಬ್ಬರಿಗೂ ಅನ್ನಿಸಿತ್ತು.

ಮದುವೆಯ ದಿನ ಥೋವಾ, ದಿಯೆಪ್ ಕೇಳಿಕೊಂಡಿದ್ದಕ್ಕೆ, ತಾಯಿಯ ಜಾಗದಲ್ಲಿ ಹೆಣ್ಣಿನ ಕಡೆಯವರ ಜೊತೆ ಗಂಡಿನ ಮನೆಗೆ ಬಂದಳು. ಅಂಗಿ ಚೆನ್ನಾಗಿ ಕೂತಿತ್ತು; ಇಷ್ಟು ವರ್ಷ ಅದನ್ನು ಹಂಗಿಸಿದ್ದಕ್ಕೆ ಅವಳಿಗೇ ನಾಚಿಕೆಯಾಗುವಷ್ಟು. ಓಣಿಯವರು ಬಣ್ಣ ನೋಡಿದರು, ಗುಂಡಿ ನೋಡಿದರು, ತಲೆಗೆ ಸುತ್ತಿದ ರುಮಾಲು ನೋಡಿದರು. ಲಾಯ್ ಮಾತ್ರ ಅಂಗಿ ನೋಡಲಿಲ್ಲ. ಹುಡುಗಿ ಕಾರಿನಿಂದ ಇಳಿಯುವಾಗ ತನ್ನ ಬೆನ್ನಿಗೆ ಕೈ ಆನಿಸಿಕೊಂಡಿದ್ದನ್ನು ನೋಡಿದರು.

"ಸುವೊಂಗ್, ಅಡುಗೆಮನೆ ಬಾಗಿಲು ತೆಗೆಸ್ತೀನಿ," ಎಂದರು, ಎಲ್ಲರಿಗೂ ಕೇಳುವ ಹಾಗೆ.

ಫೋನುಗಳು ಮೇಲೆದ್ದವು. ಹುಡುಗಿಯ ಅಪ್ಪನ ಮುಖ ಇಳಿಯಿತು. ದಿಯೆಪ್ ವಿನ್‌ನತ್ತ ನೋಡಿದಳು. ಅವನು ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ತೆಗೆಸಿ ಅತ್ತಿಗೆ," ಎಂದರು ಸುವೊಂಗ್.

ಲಾಯ್ ಮನೆಯ ಪಕ್ಕದ ಸಂದಿಯಲ್ಲಿ ಹೋದರು. ಬಂದಾಗ ಮುಖ ಕೆಂಪಾಗಿತ್ತು. "ಬಾಗಿಲಿಗೆ ಅಡ್ಡ ಬಿಯರ್ ಕ್ರೇಟು ಒಟ್ಟಿದಾರೆ, ಚಿಲಕದ ತನಕ! ಯಾವನ ಕೆಲಸ ಇದು?"

"ನಂದೇ," ಎಂದರು ಸುವೊಂಗ್. "ಒಟ್ಟಿ ಒಟ್ಟಿ ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡಿದೆ."

"ಮತ್ತೆ ಅಡುಗೆಯೋರು ಎಲ್ಲಿಂದ ಓಡಾಡ್ತಾರೆ?"

"ಮುಂದಿಂದ. ಇವತ್ತು ಈ ಮನೇಲಿ ಎಲ್ಲಾರಿಗೂ ಒಂದೇ ಬಾಗಿಲು."

ಅಷ್ಟರಲ್ಲಿ ಬಾಡಿಗೆ ಅಡುಗೆಯವರಿಬ್ಬರು ಸಾರಿನ ಹಂಡೆ ಹೊತ್ತು, ದಾರಿ ದಾರಿ ಎನ್ನುತ್ತ ಮುಂಬಾಗಿಲಿಗೇ ಬಂದರು. ಮದುವೆಯ ದಿಬ್ಬಣ ಎರಡು ಸಾಲಾಗಿ ಸರಿಯಿತು. ಮೆಟ್ಟಿಲ ಮೇಲೆ ಒಂದಿಷ್ಟು ಸಾರು ಚೆಲ್ಲಿ ನಿಂಬೆಹುಲ್ಲಿನ ವಾಸನೆ ಎದ್ದಿತು. ದಿಯೆಪ್ ಅಪ್ಪನ ತೋಳು ಹಿಡಿದು, ಒದ್ದೆಯಾದಲ್ಲಿ ಕಾಲಿಡದಂತೆ ನೋಡಿಕೊಂಡು, ಹಂಡೆಯ ಹಿಂದೆಯೇ ಹೊಸಿಲು ದಾಟಿದಳು.