ಹಾಲಮ್ಮನ ಬೆಣ್ಣೆಗೆ ಅಡ್ಡ ನಿಂತವರು

ನಾನು ಒಂದು ನೀಲಿ ಮಾತ್ರೆ. ಹುಟ್ಟಿದ್ದು ಒಂದು ಔಷಧಿ ಕಾರ್ಖಾನೆಯಲ್ಲಿ. ಹೊಟ್ಟೆಗೆ ಬಿಳಿ ಪುಡಿ ತುಂಬಿ, ಮೇಲೊಂದು ಮುಚ್ಚಳ ಒತ್ತಿ, ಒಡಹುಟ್ಟಿದವರ ಜೊತೆ ತಗಡಿನ ಪಟ್ಟಿಯಲ್ಲಿ ಸಾಲಾಗಿ ಮಲಗಿಸಿದರು. ನನ್ನದು ಕೊನೆಯ ಗೂಡು.

ನಮ್ಮ ಕಸುಬು ಇಷ್ಟೆ. ತಿಂದ ಕೊಬ್ಬು ಮೈಗೆ ಹತ್ತಬೇಕಾದರೆ ಕರುಳಿನ ಒಂದು ರಸ ಅದನ್ನು ಒಡೆದು ಚೂರು ಮಾಡಬೇಕು. ನಾವು ಹೋಗಿ ಆ ರಸದ ಕೈ ಹಿಡಿಯುತ್ತೇವೆ. ಊಟದ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ. ಹಸಿವು ಕಟ್ಟುವುದು, ಆಗಲೇ ಮೈಯಲ್ಲಿ ಕೂತದ್ದನ್ನು ಕರಗಿಸುವುದು ನಮ್ಮ ಕೈಲಾಗದ ಕೆಲಸ. ಆದರೂ ಜನ ನಮ್ಮ ಮೇಲೆ ಇಲ್ಲದ ಭಾರ ಹೊರಿಸುತ್ತಾರೆ.

ದಾವಣಗೆರೆಯ ಮೆಡಿಕಲ್ ಶಾಪಿನಲ್ಲಿ ಕೆಲವು ದಿನ ಕೆಮ್ಮಿನ ಔಷಧಿಯ ಪಕ್ಕದಲ್ಲಿದ್ದೆವು. ಅಲ್ಲಿಂದ ಕೊಟ್ರಪ್ಪ ನಮ್ಮನ್ನು ತನ್ನ ಹೆಂಡತಿ ಹಾಲಮ್ಮನಿಗೆಂದು ಒಯ್ದ. ಗಂಡಹೆಂಡಿರದು ಬೆಣ್ಣೆದೋಸೆ ಹೋಟೆಲು. ಸೌದೆ ಒಲೆಯ ಮುಂದೆ ಹಾಲಮ್ಮ, ಗಲ್ಲಾದಲ್ಲಿ ಕೊಟ್ರಪ್ಪ. ಹಾಲಮ್ಮನ ಮಂಡಿಗಳು ಸವೆದಿದ್ದವು. ನಾಲ್ಕು ದೋಸೆ ಹುಯ್ಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಹತ್ತು ಕಿಲೋ ಇಳಿಸಿಕೊಂಡು ಬಂದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ ಎಂದಿದ್ದರು ಡಾಕ್ಟರಮ್ಮ. ಆಪರೇಷನ್ ಆಗದಿದ್ದರೆ ಹಂಚು ಬೇರೆಯವರ ಕೈಗೆ. ಆ ಮಾತು ಎತ್ತಿದರೆ ಸಾಕು, ಹಾಲಮ್ಮ ಸೌಟು ಕುಕ್ಕುತ್ತಿದ್ದಳು.

ಡಾಕ್ಟರಮ್ಮ ಹೇಳಿದ ಕ್ರಮ ಇದು: ಎಣ್ಣೆ, ಬೆಣ್ಣೆ ಕಡಿಮೆ ಮಾಡಿ ಊಟದ ಜೊತೆ ಒಂದು ಮಾತ್ರೆ, ಮಲಗುವಾಗ ವಿಟಮಿನ್. ಊಟದಲ್ಲಿ ಕೊಬ್ಬೇ ಇಲ್ಲವೆಂದರೆ ಮಾತ್ರೆಯೂ ಬೇಡ. ಹಾಲಮ್ಮ ಇದನ್ನು ವ್ರತದಂತೆ ಹಿಡಿದಳು. ಆದರೆ ಹಿಟ್ಟಿನ ಹೊಸ ಪಾತ್ರೆ ತೆಗೆದಾಗಲೆಲ್ಲ ಮೊದಲ ದೋಸೆಗೆ ಬೆಣ್ಣೆ ಹಾಕಿ ತಾನೇ ತಿಂದು ನೋಡುವುದು ಅವಳ ಪದ್ಧತಿ. ಹಿಟ್ಟಿಗೆ ಅರೆದು ಹಾಕಿದ ಮಂಡಕ್ಕಿ ಹೆಚ್ಚಾಯಿತೋ, ಉಪ್ಪು ಕಮ್ಮಿಯಾಯಿತೋ ಅವಳ ನಾಲಿಗೆಯೇ ಹೇಳಬೇಕು. ಅದು ಅವಳ ಪಾಲಿಗೆ ಊಟವಲ್ಲ, ಕೆಲಸ.

ಒಂದು ಭಾನುವಾರ ಮಾತ್ರೆ ನುಂಗಿದ ಬೆನ್ನಿಗೇ ಗಿರಾಕಿಗಳ ನೂಕುನುಗ್ಗಲು. ಪಾತ್ರೆ ಮೇಲೆ ಪಾತ್ರೆ ತೆಗೆದಳು, ದೋಸೆ ಮೇಲೆ ದೋಸೆ ರುಚಿ ನೋಡಿದಳು. ಮರುದಿನ ನಾದಿನಿಯ ಮನೆಯ ಹೊಸ ದಿವಾನ್ ಮಂಚದಿಂದ ಎದ್ದಾಗ ಅಲ್ಲಿ ಎಣ್ಣೆಯ ಕಲೆ ಬಿದ್ದಿತ್ತು. ಮನೆಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ ಮೇಜಿನ ಮೇಲೆ ಎಸೆದಳು. ಅದರಲ್ಲಿ ಉಳಿದಿದ್ದವನು ನಾನೊಬ್ಬನೇ.

"ನನ್ನ ಮಾನ ಕಳೀತಲ್ರೀ ನಿಮ್ಮ ಮಾತ್ರೆ! ತೂಕಾನೂ ಇಳೀಲಿಲ್ಲ. ನಾನು ತಿನ್ನೋದು ಎರಡು ರೊಟ್ಟಿ, ಸೊಪ್ಪಿನ ಪಲ್ಯ."

"ಬೆಣ್ಣೆ ತಿಂತೀರಾ ಅಮ್ಮಾ?"

"ಎಲ್ಲಿ ತಿಂತೀನಿ? ರುಚಿ ನೋಡ್ತೀನಿ, ಅಷ್ಟೇಯ."

ಡಾಕ್ಟರಮ್ಮ ನಗಲಿಲ್ಲ. "ರುಚಿ ನೋಡಿದ್ದು, ಊಟ ಮಾಡಿದ್ದು ಅನ್ನೋ ಭೇದ ಕರುಳಿಗೆ ಗೊತ್ತಾಗಲ್ಲ. ನೀವು ತಿಂದ ಬೆಣ್ಣೇನೇ ಹೊರಗೆ ಬಂದಿರೋದು. ಮಾತ್ರೆ ಚಾಡಿ ಹೇಳ್ತು ಅಷ್ಟೆ."

ಚಾಡಿಕೋರ ಎನಿಸಿಕೊಂಡದ್ದು ನನಗೇನೂ ಹಿತವಾಗಲಿಲ್ಲ. ಡಾಕ್ಟರಮ್ಮ ಪಟ್ಟಿಯನ್ನು ಅವಳ ಕೈಗೇ ವಾಪಸು ಕೊಟ್ಟು ಕಳಿಸಿದರು.

ಆ ರಾತ್ರಿ ಅವಳು ಉಂಡದ್ದು ಬರೀ ಗಂಜಿ. ಹಾಗಾಗಿ ನಾನು ಉಳಿದೆ. ಮರುದಿನ ಹೊಸ ಪಟ್ಟಿ ಬಂತು, ನಾನು ಒಲೆಯಾಚೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಸರಿದೆ. ಮುಂದಿನದೆಲ್ಲ ಕಂಡದ್ದು ಅಲ್ಲಿಂದಲೇ.

"ರುಚಿ ನಾನು ನೋಡ್ತೀನಿ ಬಿಡು" ಎಂದ ಕೊಟ್ರಪ್ಪ.

"ನೀವಾ? ಸಾರಿಗೆ ಉಪ್ಪು ಹಾಕ್ದಿದ್ರೂ ಉಂಡು ಏಳೋ ಗಂಡಸು!"

ಆದರೂ ಬೇರೆ ದಾರಿ ಇರಲಿಲ್ಲ. ಮೊದಲ ದೋಸೆಯನ್ನು ಅವನ ತಟ್ಟೆಗೆ ಹಾಕಿ ಮುಖ ತಿರುಗಿಸಿಕೊಂಡಳು. ಅವನು ನಿಧಾನವಾಗಿ ಅಗಿದು, "ಹುಳಿ ಬಂದಿಲ್ಲ ಕಣೇ, ಇನ್ನೂ ಸ್ವಲ್ಪ ಹೊತ್ತು ಬಿಡು" ಎಂದ. ಹಾಲಮ್ಮ ಹಿಟ್ಟು ಮೂಸಿದಳು. ಅವನ ಮಾತು ನಿಜವಾಗಿತ್ತು. ಅವಳು ಹಿಟ್ಟಿನ ಮೇಲೆ ತಟ್ಟೆ ಮುಚ್ಚಿದಳು.

ತೂಕ ಇರುವೆ ಸಕ್ಕರೆ ಒಯ್ದಂತೆ ಇಳಿಯಿತು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಹತ್ತು ಕಿಲೋ ಇಳಿದಿತ್ತು. ಬಲಮಂಡಿಯ ಆಪರೇಷನ್ ಆಯಿತು, ಆಮೇಲೆ ಎಡದ್ದು; ಅಷ್ಟು ದಿನ ಹಂಚಿನ ಮುಂದೆ ಕೊಟ್ರಪ್ಪನೇ ನಿಂತ. ಮಾತ್ರೆ ಸಾಕು ಎಂದರು ಡಾಕ್ಟರಮ್ಮ. ಒಂದು ಬೆಳಿಗ್ಗೆ ಹಾಲಮ್ಮ ಕೋಲಿಲ್ಲದೆ ನಡೆದು ಬಂದು ಹಂಚಿನ ಮುಂದೆ ನಿಂತಳು.

ಅಷ್ಟರಲ್ಲಿ ಕೊಟ್ರಪ್ಪನ ಅಂಗಿಯ ಗುಂಡಿಗಳು ಬಿಗಿದಿದ್ದವು. ಉಪ್ಪಿಗೆ ಕೈಹಾಕಿದವನಿಗೆ ನಾನು ಸಿಕ್ಕಿದೆ. "ಇದನ್ನ ನಾನು ನುಂಗಲೇನೇ?"

"ನಿಮಗೆ ಬರೆದಿದ್ದಲ್ಲ ಅದು. ತಾರೀಕೂ ಮುಗಿದೈತೆ." ಕಸಿದುಕೊಂಡು ನನ್ನನ್ನು ಕಸದ ಬುಟ್ಟಿಗೆ ಹಾಕಿದಳು. ಅಲ್ಲಿ ಮಲಗಿ ಲೆಕ್ಕ ಹಾಕಿದೆ. ನಮ್ಮವರು ತಡೆದದ್ದು ಕಾಲು ಭಾಗ. ಮಿಕ್ಕಿದ್ದಕ್ಕೆ ಅವಳೇ ಅಡ್ಡ ನಿಂತಳು, ಬೆಣ್ಣೆಯ ವಾಸನೆ ಮೂಗಿಗೆ ಬಡಿಯುವ ಜಾಗದಲ್ಲೇ.

ಕೊಟ್ರಪ್ಪ ತನ್ನ ತಟ್ಟೆಯ ದೋಸೆಯನ್ನು ಎರಡು ಭಾಗ ಮಾಡಿ ಒಂದನ್ನು ಮುಂದೆ ಚಾಚಿದ. "ಇವತ್ತೊಂದಿನ ತಗಾ. ಕಾಲು ಬಂದಾವಲ್ಲ."

ಹಾಲಮ್ಮ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಉಳಿದದ್ದನ್ನು ಅವನ ತಟ್ಟೆಗೇ ಸರಿಸಿದಳು.

"ಹೆಂಗೈತೆ?" ಎಂದ.

"ನಾನಿಲ್ದಾಗ ರುಚಿ ಕೆಟ್ಟಿಲ್ಲ" ಎಂದಳು ಹಾಲಮ್ಮ. "ನಾಳೆಯಿಂದಾನೂ ನೀವೇ ನೋಡ್ರಿ."