ನಲವತ್ತೊಂದನೆಯ ಸಹಿ

ಪರ್ತ್‌ನ ನಮ್ಮ ಕನ್ನಡ ಸಂಘದಲ್ಲಿ ಯಾರಿಗೆ ಸನ್ಮಾನವಾದರೂ ಪತ್ರ ಬರೆಯುವವನು ನಾನು. ಪಂಚಾಕ್ಷರಿ ಬರೆದರೆ ಕಟುಕನೂ ಸಾಧುವಾಗಿಬಿಡುತ್ತಾನೆ ಎಂದು ಸ್ನೇಹಿತರು ತಮಾಷೆ ಮಾಡುತ್ತಿದ್ದರು. ಹದಿನೆಂಟು ವರ್ಷ ಆ ತಮಾಷೆಗೆ ಉಬ್ಬಿಕೊಂಡೇ ಓಡಾಡಿದೆ. ಭರತೇಶನ ಪರವಾಗಿ ಪತ್ರ ಬರೆದವನೂ ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಭರತೇಶ ಪರ್ತ್‌ನದೇ ಬಡಾವಣೆ ಥಾರ್ನ್ಲಿಯಲ್ಲಿ ಬೆಳೆದ ಹುಡುಗ. ಆರು ವರ್ಷದವನಿದ್ದಾಗ ಹಾಸನದಿಂದ ಬಂದವನು ಇಲ್ಲಿಯವರ ಫುಟ್ಬಾಲ್ ಕಲಿತು, ಮೂವತ್ತೆಂಟರ ಹೊತ್ತಿಗೆ ಅಡಿಲೇಡ್‌ನ ಒಂದು ಕಾಲೇಜು ತಂಡಕ್ಕೆ ಕೋಚ್ ಆಗಿದ್ದ. ನಮ್ಮವರು ಈ ದೇಶದಲ್ಲಿ ಕೋಡ್ ಬರೆಯುತ್ತಾರೆ, ಸೇತುವೆಗೆ ಲೆಕ್ಕ ಹಾಕುತ್ತಾರೆ. ಬಿಳಿಯರ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಬೈಯುವ ಕನ್ನಡಿಗ ನಮಗೆ ಗೊತ್ತಿದ್ದದ್ದು ಅವನೊಬ್ಬನೇ. ನನ್ನ ಮಗ ವರುಣ್ ಆ ಕಾಲೇಜಿಗೆ ಹೋಗಿ ಅವನ ತಂಡ ಸೇರಿದಾಗ ನಾವಿರುವ ಹ್ಯಾರಿಸ್‌ಡೇಲ್‌ನ ಪರಿಚಯದ ಮನೆಗಳಿಗೆಲ್ಲ ಹೇಳಿಕೊಂಡು ಬಂದೆ.

ಮಾರ್ಚ್ ಮೊದಲ ಶನಿವಾರ ಮಧ್ಯಾಹ್ನ ಭರತೇಶನ ಫೋನ್ ಬಂತು.

"ಅಂಕಲ್, ಗಾಬರಿ ಆಗ್ಬೇಡಿ. ಪ್ರಾಕ್ಟೀಸ್‌ನಲ್ಲಿ ಬಿಸಿಲಿಗೆ ತಲೆ ಸುತ್ತಿ ವರುಣ್ ಬಿದ್ಬಿಟ್ಟ. ಭುಜದ ಮೂಳೆ ಮುರಿದಿದೆ. ಬೆಡ್‌ಫರ್ಡ್ ಪಾರ್ಕ್ ಆಸ್ಪತ್ರೇಲಿ ನಾನೇ ಪಕ್ಕದಲ್ಲಿ ಕೂತಿದೀನಿ."

ಮರುದಿನ ನಾನೂ ಹೆಂಡತಿ ಗೌರಿಯೂ ವಿಮಾನ ಹತ್ತಿ ಹೋದೆವು. ಭರತೇಶ ಡಬ್ಬಿಯಲ್ಲಿ ಮೊಸರನ್ನ ತಂದಿದ್ದ, ಅವನೇ ಕಲೆಸಿದ್ದಂತೆ. ವರುಣ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಗೌರಿ ಎಷ್ಟು ಕೇಳಿದರೂ "ಬಿದ್ದೆ, ಅಷ್ಟೇ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ನಾನು ಭರತೇಶನ ಕೈ ಹಿಡಿದುಕೊಂಡು, ನೀನಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತಪ್ಪ ಎಂದು ಕಣ್ಣೊರೆಸಿಕೊಂಡೆ.

ಮೂರು ವಾರಕ್ಕೆ ಸುದ್ದಿ ಪತ್ರಿಕೆಯಲ್ಲಿ ಬಂತು. ಆ ತಂಡದಲ್ಲಿ ಹೊಸಬರಿಗೆ ಪ್ರತಿವರ್ಷ 'ವೆಲ್‌ಕಮ್' ಎಂದೊಂದು ನಡೆಯುತ್ತದಂತೆ. ಈ ಸಲ ಮೂವರು ಹುಡುಗರನ್ನು ಗಾಲಿಯ ಕಸದ ಡಬ್ಬಿಗಳಲ್ಲಿ ಕೂರಿಸಿ, ಮುಚ್ಚಳಕ್ಕೆ ಹಗ್ಗ ಬಿಗಿದು, ಬಿಸಿಲಲ್ಲಿ ಒಂದೂವರೆ ಗಂಟೆ ಬಿಟ್ಟು, ಆಮೇಲೆ ಇಳಿಜಾರಿನಲ್ಲಿ ತಳ್ಳಿದ್ದರು. ಕೋಚ್‌ಗೆ ಎಲ್ಲ ಗೊತ್ತಿತ್ತು ಎಂದು ಒಬ್ಬ ವಿದ್ಯಾರ್ಥಿ ದೂರು ಕೊಟ್ಟಿದ್ದ. ಹುಡುಗರ ಹೆಸರುಗಳನ್ನು ಗುಟ್ಟಾಗಿಟ್ಟಿದ್ದರು. ವಿಚಾರಣೆ ಮುಗಿಯುವವರೆಗೆ ಭರತೇಶನನ್ನು ಕೆಲಸದಿಂದ ದೂರವಿಟ್ಟಿದ್ದರು.

"ರೀ, ವರುಣ್‌ನ ಒಂದ್ ಮಾತು ಕೇಳಿ," ಎಂದಳು ಗೌರಿ.

"ಅವನು ಬಿದ್ದೆ ಅಂದಿದಾನಲ್ಲ. ಪರೀಕ್ಷೆ ಹೊತ್ತಲ್ಲಿ ಯಾಕೆ ತಲೆ ತಿನ್ನೋದು?" ಎಂದೆ.

ಮುರಿದ ಭುಜ ಕಣ್ಣಾರೆ ಕಂಡಿದ್ದೆ, ಸುದ್ದಿಯನ್ನೂ ಓದಿದ್ದೆ, ಎರಡನ್ನೂ ಕೂಡಿಸಲಿಲ್ಲ. ಮೂವತ್ತು ವರ್ಷ ಎಂಜಿನಿಯರ್ ಆಗಿ ದುಡಿದ ತಲೆ ಇದು. ಬೇಡವೆಂದಾಗ ಅದು ಎಷ್ಟು ಚೆನ್ನಾಗಿ ಮಂಕಾಗಬಲ್ಲದು ಎಂದು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಂಘದ ಯುಗಾದಿ ಊಟ ಹಬ್ಬ ಕಳೆದ ಮೇಲೆ, ಹಾಲ್ ಸಿಕ್ಕ ಭಾನುವಾರ. ನಮ್ಮ ಭರತೇಶನ ಮೇಲೆ ಕಪ್ಪಗಿದ್ದಾನೆಂದೇ ತಪ್ಪು ಹೊರಿಸಿದ್ದಾರೆ ಎಂದು ಎಲ್ಲರೂ ಕುದಿಯುತ್ತಿದ್ದರು, ನಾನೂ ಕುದಿದೆ. ಭರತೇಶ ಸಚ್ಚಾರಿತ್ರ್ಯದವನು, ಮಕ್ಕಳಿಗೆ ತಂದೆಯಂಥವನು ಎಂದು ಕಾಲೇಜಿಗೆ ಒಂದೂವರೆ ಪುಟ ಬರೆದು, ಹೋಳಿಗೆಯ ಸಾಲಿನ ಪಕ್ಕದಲ್ಲೇ ಸಹಿಗೆ ಹಾಳೆ ಇಟ್ಟೆ. ನಮ್ಮಲ್ಲಿ ಮನೆಗೊಬ್ಬರು ಪೆನ್ನು ಹಿಡಿದರೆ ಸಾಕು, ಮನೆಯವರೆಲ್ಲರ ಹೆಸರೂ ಬೀಳುತ್ತದೆ. ಊಟಕ್ಕೆ ಎಷ್ಟು ಜನ, ಪಿಕ್ನಿಕ್‌ಗೆ ಎಷ್ಟು ಜನ ಎಂದು ಬರೆಸಿದ ಹಾಗೆಯೇ ಇದೂ. ಮೂವತ್ತೊಂಬತ್ತು ನನ್ನದು. ನಲವತ್ತು ಗೌರಿಯದು, ಅವಳು ಒಳಗೆ ಬಡಿಸುತ್ತಿದ್ದಳು. ನಲವತ್ತೊಂದು ವರುಣ್‌ನದು. ಅವನ ಹೆಸರಿನ ಮುಂದೆ 'ಇದೇ ತಂಡದ ಆಟಗಾರ' ಎಂದೂ ಸೇರಿಸಿ, ಸಹಿ ಮಾಡಿದೆ. ಶಾಲೆಯ ಕಾಲದಿಂದ ಎಷ್ಟೋ ಫಾರಂಗಳಿಗೆ ಹಾಕಿದ ಸಹಿ, ಕಣ್ಣು ಮುಚ್ಚಿ ಹಾಕಬಲ್ಲೆ ಎಂದುಕೊಂಡಿದ್ದೆ.

ಜೂನ್‌ನಲ್ಲಿ ಕಾಲೇಜಿನ ವಿಚಾರಣೆ ಮುಗಿಯಿತು. ಪುರಾವೆ ಸಾಲದೆಂದು ಭರತೇಶನನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡರು. ಸಂಘದವರು ಅವನಿಗೆ ಸನ್ಮಾನ ನಿಶ್ಚಯಿಸಿದರು. ಖುಷಿಯಲ್ಲಿ ವರುಣ್‌ಗೆ ಫೋನ್ ಮಾಡಿ, ನೀನೂ ವೇದಿಕೆ ಮೇಲೆ ಎರಡು ಮಾತಾಡಬೇಕು ಎಂದೆ.

ಅವನು ಬೇರೆಯದನ್ನೇ ಹೇಳಿದ.

"ಡಬ್ಬಿಯಲ್ಲಿದ್ದವನು ನಾನು, ಡ್ಯಾಡ್. ದೂರು ಕೊಟ್ಟವನೂ ನಾನೇ."

ಒಳಗಿಂದ ಅವನಿಗೆ ಕೋಚ್‌ನ ಗಾಡಿಯ ಸದ್ದು ಕೇಳಿಸಿತ್ತು. ಗಾಡಿ ಹತ್ತಿರದಲ್ಲೇ ನಿಂತಿತ್ತು, ರೇಡಿಯೋ ಹಾಡುತ್ತಿತ್ತು. ಕೋಚ್ ಎಂದು ಮೂರು ಸಲ ಕೂಗಿದ್ದ. ರೇಡಿಯೋದ ದನಿ ಜೋರಾಯಿತು. ವಿಚಾರಣೆಯಲ್ಲಿ ಇದನ್ನೆಲ್ಲ ಹೇಳಿದ ಮೇಲೆ ಭರತೇಶನ ವಕೀಲ ನನ್ನ ಪತ್ರವನ್ನು ವರುಣ್‌ನ ಮುಂದಿಟ್ಟು, ಈ ನಲವತ್ತೊಂದನೆಯ ಸಹಿ ನಿನ್ನದೇ ಏನು ಎಂದು ಕೇಳಿದ್ದ.

"ನೀನೇನಂದೆ?"

"ನನ್ನದೇ ಅಂದೆ."

"ಯಾಕೋ ಹಾಗಂದೆ?"

"ಇಲ್ಲ ಅಂದಿದ್ದರೆ ಮುಂದಿನ ಪ್ರಶ್ನೆ ನಿಮ್ಮ ಬಗ್ಗೆ ಬರುತ್ತಿತ್ತು."

ಫೋನ್ ಇಟ್ಟಮೇಲೆ ನಾನು ಹಿತ್ತಲಿಗೆ ಹೋಗಿ ನಿಂತೆ. ಹತ್ತೊಂಬತ್ತರ ಹುಡುಗ ನನ್ನ ಮಾನ ಉಳಿಸಲು ತನ್ನ ಮಾತನ್ನೇ ಕಳೆದುಕೊಂಡಿದ್ದ. ಗೌರಿಗೆ ಹೇಳಿದಾಗ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಆ ಪತ್ರದಲ್ಲಿ ನನ್ನ ಸಹಿಯೂ ಇದೆಯಾ ಎಂದಷ್ಟೇ ಕೇಳಿದಳು. ಇದೆ ಎಂದೆ. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ವರುಣ್ ಮೇಲ್ಮನವಿ ಹಾಕಿದ್ದ. ಆಗಸ್ಟ್‌ನಲ್ಲಿ ಬ್ರಿಸ್ಬೇನ್‌ನಲ್ಲಿ, ಕಾಲೇಜು ಕ್ರೀಡೆಗಳ ಮಂಡಳಿಯೆದುರು ವಿಚಾರಣೆ. ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದು ಟಿಕೆಟ್ ಮಾಡಿಸಿದೆ.

"ಹೋಗಿ, ಬೇಡ ಅನ್ನಲ್ಲ. ಆದ್ರೆ ಅವನ್ನ ಕೇಳಿ ಹೋಗಿ," ಎಂದಳು ಗೌರಿ.

"ಕೇಳಿದ್ರೆ ಬೇಡ ಅಂತಾನೆ ಕಣೇ. ತಪ್ಪು ನಂದು, ಸರಿ ಮಾಡೋನೂ ನಾನೇ."

ನದಿ ಕಾಣುವ ಏಳನೇ ಮಹಡಿ. ಕಾರಿಡಾರಿನ ಬೆಂಚಿನಲ್ಲಿ ವರುಣ್ ಕೂತಿದ್ದ, ಪಕ್ಕದಲ್ಲಿ ಅವನ ವಯಸ್ಸಿನವರೇ ಇನ್ನಿಬ್ಬರು. ನನ್ನನ್ನು ಕಂಡು ಎದ್ದು ನಿಂತ, ಮುಖ ಬಿಳಿಚಿಕೊಂಡಿತು. ಎಲ್ಲ ನಾನು ನೋಡ್ಕೋತೀನಿ ಎಂದು ಬೆನ್ನು ತಟ್ಟಿ, ಬರೆದು ತಂದಿದ್ದ ಹೇಳಿಕೆಯನ್ನು ಗುಮಾಸ್ತೆಗೆ ಕೊಟ್ಟೆ. ಕಾಲು ಗಂಟೆಯಲ್ಲಿ ನನ್ನನ್ನೇ ಮೊದಲು ಒಳಗೆ ಕರೆದರು.

ಪತ್ರ ಬರೆದದ್ದು, ಹಾಳೆ ಇಟ್ಟದ್ದು, ಮಗನ ಸಹಿ ನಾನೇ ಹಾಕಿದ್ದು, ಎಲ್ಲ ಹೇಳಿದೆ. ಭರತೇಶ ಮೇಜು ನೋಡುತ್ತಿದ್ದ. ಹೇಳಿ ಮುಗಿಸಿದಾಗ ನನ್ನ ಎದೆ ಹಗುರಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಗಿತ್ತು. ಆಗ ಭರತೇಶನ ವಕೀಲ ಎದ್ದ.

"ಅಂದರೆ, ಸಹಿ ತನ್ನದೇ ಎಂದು ನಿಮ್ಮ ಮಗ ಅಡಿಲೇಡ್‌ನಲ್ಲಿ ಹೇಳಿದ್ದು ಸುಳ್ಳು?"

"ಅವನು ನನ್ನನ್ನು ಕಾಪಾಡಲಿಕ್ಕೆ..."

"ಸುಳ್ಳು, ಅಲ್ಲವೇ?"

"ಹೌದು."

ಅವನು ಕೂತುಕೊಂಡ. ಮತ್ತೇನೂ ಕೇಳಲಿಲ್ಲ.

ಮೂರು ಗಂಟೆಗೆ ತೀರ್ಪು ಬಂತು. ದೂರುದಾರನೇ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದರಿಂದ ಅವನ ಮಾತಿನ ಮೇಲೆ ಒಬ್ಬರ ಹೆಸರು ಕೆಡಿಸಲಾಗದು, ಕೋಚ್‌ಗೆ ಎಚ್ಚರಿಕೆ ಸಾಕು. ಬೆಂಚಿನಲ್ಲಿದ್ದ ಇಬ್ಬರು ಹುಡುಗರು ಆ ಹೊತ್ತಿಗೆ ಹೊರಟುಹೋಗಿದ್ದರು.

ಲಿಫ್ಟಿನ ಬಳಿ ಭರತೇಶ ಹತ್ತಿರ ಬಂದ. "ಅಂಕಲ್, ಏರ್‌ಪೋರ್ಟ್‌ಗೆ ಡ್ರಾಪ್ ಬೇಕಾ?"

"ಅವತ್ತು ರೇಡಿಯೋ ಯಾಕಪ್ಪ ಜೋರು ಮಾಡ್ದೆ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಏನ್ ನಡೀತಿದೆ ಅಂತ ನಾನು ಕೇಳಕ್ಕೆ ಹೋಗ್ಲಿಲ್ಲ ಅಂಕಲ್. ಕೇಳಿದ್ರೆ ಏನಾದ್ರೂ ಮಾಡ್ಬೇಕಾಗ್ತಿತ್ತು."

ಕಪಾಳಕ್ಕೆ ಬಾರಿಸಬೇಕೆನಿಸಿತು. ಪರೀಕ್ಷೆಯ ನೆಪ ಹೇಳಿದ್ದ ನನ್ನದೇ ದನಿ ಕಿವಿಯಲ್ಲಿ ಕೇಳಿಸಿತು, ಕೈ ಏಳಲಿಲ್ಲ.

ಕೆಳಗೆ ಸ್ವಾಗತದ ಮೇಜಿನ ಹತ್ತಿರ ವರುಣ್ ನನಗಾಗಿ ಕಾದಿದ್ದ.

"ಅವರಿಬ್ಬರೂ ಡಬ್ಬಿಯಲ್ಲಿದ್ದವರೇ. ನಾನು ಮೊದಲು ನಿಂತು ಮಾತಾಡಿದರೆ ತಾವೂ ಹೇಳುತ್ತೇವೆ ಅಂತ ಒಪ್ಪಿಸೋಕೆ ನನಗೆ ಎರಡು ತಿಂಗಳು ಹಿಡಿಯಿತು. ನಾನು ಸುಳ್ಳುಗಾರ ಅಂತಾದ ಮೇಲೆ ಅವರು ಯಾಕೆ ನಿಲ್ಲುತ್ತಾರೆ?" ಅವನು ಕೂಗಾಡಲಿಲ್ಲ. "ಬರೋ ಮುಂಚೆ ನನ್ನನ್ನು ಕೇಳಬಹುದಿತ್ತು, ಡ್ಯಾಡ್."

ಹೊರಹೋಗುವವರು ಸಹಿ ಹಾಕಬೇಕೆಂದು ಮೇಜಿನವಳು ಪುಸ್ತಕ ತಿರುಗಿಸಿ ಕೊಟ್ಟಳು. ನನ್ನ ಹೆಸರಿನೆದುರು ಹಾಕಿದೆ. ಕೈ ತಾನಾಗಿಯೇ ಮೇಲಿನ ಸಾಲಿಗೆ, ಅವನ ಹೆಸರಿನ ಕಡೆಗೆ ಸರಿಯಿತು.

ವರುಣ್ ನನ್ನ ಬೆರಳುಗಳ ನಡುವಿನಿಂದ ಪೆನ್ನು ಬಿಡಿಸಿಕೊಂಡು ಸಹಿ ಮಾಡಿದ. ಸಣ್ಣ, ಒತ್ತೊತ್ತಾದ ಅಕ್ಷರಗಳು. ಇಷ್ಟು ವರ್ಷ ನಾನು ಹಾಕಿಕೊಂಡು ಬಂದ ಸಹಿಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಮಗನ ಸಹಿ ಹೇಗಿರುತ್ತದೆಂದು ನಾನು ನೋಡಿದ್ದು ಅದೇ ಮೊದಲು.