ಕಾಮಗೆರೆಯಲ್ಲಿ ಇಳಿದವರಿಗೆ ಗೊತ್ತಿದ್ದಷ್ಟು

ಅಪ್ಪನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದ ಸೌಮ್ಯಳ ಕೈ ಅರ್ಧಕ್ಕೇ ನಿಂತಿತು. ಹೊರಗೆ ಶಾಮಿಯಾನದ ಕೆಳಗೆ ಯಾರೋ ಜಗಳಕ್ಕೆ ಬಿದ್ದಿದ್ದರು.

“ಆ ಎಮ್ಮೆ ನಂದು ಕಣ್ರಿ! ಚಂದ್ರನ ಮ್ಯಾಲೆ ಎಮ್ಮೆ ಕಟ್ಟಿದ್ದೇ ನಾನು!”

“ಕಟ್ಕೊಳಮ್ಮ, ಬ್ಯಾಡ ಅಂದೋರ್ಯಾರು? ಅದ್ನ ಮ್ಯಾಕ್ಕೆ ಅತ್ತಿಸಿದ್ ದಾರ ಮಾತ್ರ ನಂದು!”

ತೀರಿಹೋದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪ ಪುಟ್ಟಮಲ್ಲಪ್ಪನವರ ಮುಖ, ಜಗಳ ಕೇಳಿಸಿಕೊಳ್ಳುತ್ತಿರುವವರ ಹಾಗೆ ಒಂದು ಕಡೆಗೆ ವಾಲಿತ್ತು. ಪಕ್ಕದಲ್ಲಿ ಕುಳಿತಿದ್ದ ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: “ಓಗಿ ವಸಿ ಸುಮ್ಕಿರ್ಸು ಮಗ. ಸ್ವಾಮ್ಗೋಳು ಬರೋ ಒತ್ತಾಯ್ತು.”

ಸೌಮ್ಯ ಹೊರಬಂದಳು. ಜಗಳಕ್ಕೆ ನಿಂತಿದ್ದವರು ಇಬ್ಬರು. ಒಬ್ಬಳು ಇದೇ ಅಜ್ಜೀಪುರದ ವೀರಮ್ಮ, ಇಪ್ಪತ್ತು ವರ್ಷ ಮೊಸರಿನ ಕುಕ್ಕೆ ಹೊತ್ತು ಅಪ್ಪನ ಬಸ್ಸಿನಲ್ಲೇ ಕೊಳ್ಳೇಗಾಲಕ್ಕೆ ಹೋಗಿ ಬಂದವಳು. ಇನ್ನೊಬ್ಬರು ಕಾಮಗೆರೆಯ ಮಹದೇವಯ್ಯ. ಕೊಳ್ಳೇಗಾಲದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು ಅವರ ಕಸುಬು. ಅಪ್ಪ ಆ ದಾರಿಯ ಖಾಸಗಿ ಬಸ್ಸಿನಲ್ಲಿ ಮೂವತ್ತೈದು ವರ್ಷ ಕಂಡಕ್ಟರಾಗಿದ್ದವರು.

“ದೊಡ್ಡವ್ವ, ಏನಿದು? ಯಾವ ಎಮ್ಮೆ?”

“ನಿಮ್ಮಪ್ಪನ ಪುಸ್ತಕದ್ ಎಮ್ಮೆ ಕಣವ್ವ. ಟಿಕೀಟ್ ಅರ್ಕಂಡು ಕೇಳ್ದ, ‘ವೀರಮ್ಮ, ಚಂದ್ರನಲ್ಲಿ ಒಂದ್ ಅಗಲು ಅಂದ್ರೆ ನಮ್ಗೆ ಅದಿನಾಕು ದಿವ್ಸ. ಅಲ್ಲಿ ಊರ್ ಕಟ್ಟುದ್ರೆ ಏನ್ ತೊಂದ್ರೆ ಬಂದದು?’ ಅಂತ. ನಾ ಅಂದೆ, ‘ಒಂದೇ ಅಗಲ್ಗೆ ಇಪ್ಪತ್ತೆಂಟ್ ಸಲ ಆಲು ಕರೀಬೇಕಾಯ್ತದೆ, ಎಮ್ಮೆ ಒದೀದೆ ಬುಟ್ಟದಾ?’ ಮಾರನೆ ವಾರ ನೋಡುದ್ರೆ, ಕತೆ ಒಳಗೆ ಎಮ್ಮೆಗೋಳೆಲ್ಲ ಸ್ಟ್ರೈಕ್ ಮಾಡವೆ!”

ಶಾಮಿಯಾನದಲ್ಲಿದ್ದವರು ನಕ್ಕರು. ಮಹದೇವಯ್ಯ ಕೈ ಎತ್ತಿದರು.

“ನಂದೂ ಕೇಳವ್ವ. ಒಂದ್ ಗೂಡಲ್ಲಿ ಎಷ್ಟುದ್ದ ನೂಲು ಬತ್ತದೆ ಅಂದ. ಒಳ್ಳೆ ಗೂಡಾದ್ರೆ ಒಂದ್ ಕಿಲೋಮೀಟ್ರು ಅಂದೆ. ಟಿಕೀಟ್ ಇಂದೆ ಲೆಕ್ಕ ಬರ್ದು, ‘ನಾಕ್ ಲಕ್ಸ ಗೂಡಿದ್ರೆ ಚಂದ್ರನ್ಗೆ ದಾರ ಕಟ್ಬೋದು ಕಣಯ್ಯಾ’ ಅಂತ ಬಸ್ಸಲ್ಲೇ ಕುಣ್ದ.”

ಎಲ್ಲರೂ ಇನ್ನೊಮ್ಮೆ ನಕ್ಕರು. ಸೌಮ್ಯಳಿಗೆ ಮಾತ್ರ ನಗು ಬರಲಿಲ್ಲ.

* * *

ಅವಳಿಗೆ ಆಗ ಹದಿನೈದು. ಅಪ್ಪ ತಾವು ಬರೆದ ಒಂದೇ ಒಂದು ಪುಸ್ತಕವನ್ನು ಕೊಳ್ಳೇಗಾಲದ ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದರು. ರೇಷ್ಮೆ ನೂಲು ಹಿಡಿದು ಚಂದ್ರನಿಗೆ ಹತ್ತುವ ಕೆಂಪಿ ಎಂಬ ಹುಡುಗಿಯ ಕತೆ. ಬಿಡುಗಡೆಗೆಂದು ಕರೆದಿದ್ದ ಮೇಷ್ಟರೊಬ್ಬರು ಮೈಕಿನ ಮುಂದೆ ನಿಂತು ಹೇಳಿದರು:

“ಆಕಾಶಕ್ಕೆ ಹಗ್ಗ ಕಟ್ಟುವ ಕಲ್ಪನೆಯನ್ನು ಪರದೇಶದವರು ಎಂದೋ ಬರೆದು ಮುಗಿಸಿದ್ದಾರೆ. ನಮ್ಮ ಕಂಡಕ್ಟರ್ ಸಾಹೇಬರು ಇಂಗ್ಲಿಷ್ ಓದುತ್ತಾರೆ ಅಂತ ಇವತ್ತೇ ಗೊತ್ತಾಗಿದ್ದು.”

ಸಭೆ ಗೊಳ್ಳೆಂದಿತು. ಅಪ್ಪನೂ ಜೊತೆಗೆ ನಕ್ಕರು. ಅವರ ಇಂಗ್ಲಿಷು ಬಸ್ಸಿನ ನಂಬರು ಓದುವಷ್ಟು ಮಾತ್ರ. ಅದು ಸೌಮ್ಯಳಿಗೂ ಗೊತ್ತಿತ್ತು. ಆದರೂ ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೆಳತಿಯರು ತಿರುಗಿ ನೋಡಿದ್ದೇ ಅವಳ ತಲೆಯಲ್ಲಿ ಉಳಿಯಿತು. ಮನೆಗೆ ಬಂದವಳೇ ಅಂದಳು:

“ಕದ್ದು ಬರೆಯೋ ಬದಲು ಸುಮ್ಮನಿರಬಹುದಿತ್ತಲ್ಲಪ್ಪ.”

ಅಪ್ಪ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದರು. “ಉಣ್ಣೋಗು ಮಗ” ಅಂದರು, ಅಷ್ಟೇ. ಆಮೇಲೆ ಅವರು ಮನೆಯಲ್ಲಿ ಪೆನ್ನು ಹಿಡಿದದ್ದನ್ನು ಯಾರೂ ನೋಡಲಿಲ್ಲ. ಸೌಮ್ಯ ಓದಿ ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಮೂವತ್ತು ವರ್ಷದಲ್ಲಿ ಒಂದು ಸಲವೂ ಆ ಮಾತನ್ನು ಅವಳು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

* * *

“ನಾನು ಅವತ್ತು ಅಂದ ಮಾತಿಗೇ ಅಪ್ಪ ಬರೆಯೋದು ಬಿಟ್ಟರು, ಮಾಮ,” ಅಂದಳು ಸೌಮ್ಯ. ಅಷ್ಟು ಜನರ ಮುಂದೆ ಹೇಳಿಬಿಡುತ್ತೇನೆಂದು ಅವಳೇ ಅಂದುಕೊಂಡಿರಲಿಲ್ಲ.

ಮಹದೇವಯ್ಯ ಅವಳನ್ನೇ ನೋಡಿದರು. “ಬರಿಯಾದ್ ಬುಟ್ಟ, ನಿಜ. ಯೋಳಾದ್ ಬುಟ್ಟಿದ್ನಾ? ಮಾರ್ನೆ ದಿನ ಬೆಳಿಗ್ಗೆ ಬಸ್ ಅತ್ತಿ ಎಲ್ರಿಗೂ ಕೇಳಂಗೆ ಅಂದ, ‘ನಾನು ಕದ್ದಿವ್ನಿ ಅಂದ್ಳು ನನ್ ಮಗಳು. ಯೋಚ್ನೆ ಮಾಡುದ್ರೆ ನಿಜವೇಯ. ಎಮ್ಮೆ ವೀರಮ್ಮುಂದು, ದಾರ ಮಾದೇವಯ್ಯುಂದು. ಇನ್ ಕದಿಯಾಕಿಲ್ಲ ಕಣ್ರಪ್ಪ, ಎಲ್ರೂ ಸೇರ್ಕಂಡೇ ಕಟ್ಟುಮ’ ಅಂತ.”

“ಆ ಪರದೇಶದವರ ಹಗ್ಗ?”

“ಆ ಪರದೇಸ್ದೋನ್ ಊರಲ್ಲೂ ಯಾವನೋ ನೂಲ್ ಬಿಚ್ಚೋನು ಇದ್ದಿರ್ಬೇಕು ಬುಡು ಅಂದೆ. ನಕ್ಕ ನಕ್ಕ, ಮಧುವನಹಳ್ಳಿ ಬಂದ್ರೂ ವಿಸಿಲ್ ಊದ್ನಿಲ್ಲ.”

ಅಷ್ಟರಲ್ಲಿ ಸ್ವಾಮಿಗಳು ಬಂದರು. ಪುಟ್ಟಮಲ್ಲಪ್ಪನವರನ್ನು ಹೂವಿನ ವಿಮಾನದಲ್ಲಿ ಕೂರಿಸಿ ಹೆಗಲಿಗೆತ್ತಿಕೊಂಡರು. ತಮಟೆಯವರು ಮುಂದೆ ಹೊರಟರು.

ದಾರಿಯುದ್ದಕ್ಕೂ ಕತೆ ನಡೆಯಿತು. ಅಪ್ಪ ಎಷ್ಟೋ ವರ್ಷ ಅದನ್ನೇ ಬೆಳೆಸುತ್ತಾ ಹೋಗಿದ್ದರೆಂದು ಸೌಮ್ಯಳಿಗೆ ಗೊತ್ತಾದದ್ದು ಆಗಲೇ. ಆದರೆ ಇಡೀ ಕತೆ ಯಾರೊಬ್ಬರಿಗೂ ಗೊತ್ತಿರಲಿಲ್ಲ. ಕಾಮಗೆರೆಯಲ್ಲಿ ಇಳಿದವರಿಗೆ ಕೆಂಪಿ ದಾರ ಹತ್ತುವವರೆಗೆ ಗೊತ್ತು. ಹನೂರಿನಲ್ಲಿ ಇಳಿದವರಿಗೆ ಮೋಡದಲ್ಲಿ ಅವಳು ರಾಗಿ ಮುದ್ದೆ ಬೇಯಿಸಲು ಪಟ್ಟ ಪಾಡು ಗೊತ್ತು. ಕಾಮಗೆರೆಯವರು ಬಾಯಿ ಬಿಟ್ಟುಕೊಂಡು ಹನೂರಿನವರ ಮಾತು ಕೇಳುತ್ತಿದ್ದರು. “ಅಯ್ಯೋ, ನಾನು ಅವತ್ತು ಇಳೀಬಾರ್ದಿತ್ತು!” ಎಂದು ಹಿಂದಿನಿಂದ ಒಬ್ಬರು ಅಲವತ್ತುಕೊಂಡರು. ಅಷ್ಟು ಜನಕ್ಕೆ ಹೇಳಿದ ಅಪ್ಪ ತನಗೊಬ್ಬಳಿಗೇ ಹೇಳಲಿಲ್ಲವಲ್ಲ ಎಂದು ಸೌಮ್ಯಳಿಗೆ ಹೊಟ್ಟೆಕಿಚ್ಚಾಯಿತು. ಉಳಿದ ಕತೆ ಕೇಳಲೆಂದು ಅವ್ವನ ಕೈ ಬಿಟ್ಟು ವೀರಮ್ಮನ ಪಕ್ಕಕ್ಕೆ ಹೋಗಿ ನಡೆದಳು.

ಹೊಲ ರಸ್ತೆಗೆ ಅಂಟಿಕೊಂಡಿತ್ತು. ಗುಣಿಯೊಳಗೆ ಅಪ್ಪನನ್ನು ಕೂರಿಸಿ, ಬಿಲ್ವಪತ್ರೆ ಹಾಕಿ, ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಮಣ್ಣು ನೆಲದ ಮಟ್ಟಕ್ಕೆ ಬಂದ ಮೇಲೆ ಸೌಮ್ಯ ಕೈ ಕೊಡವಿಕೊಂಡು ಕೇಳಿದಳು:

“ದಿನಾ ಅಜ್ಜೀಪುರದ ತನಕ ಬರುತ್ತಿದ್ದವಳು ನೀನೊಬ್ಬಳೇ, ದೊಡ್ಡವ್ವ. ಕಡೆಗೆ ಏನಾಯ್ತು?”

ವೀರಮ್ಮ ತಲೆ ಕೆರೆದುಕೊಂಡಳು. “ಕಡೆ ಇಲ್ಲ ಕಣವ್ವ. ಓದ್ ತಿಂಗ್ಳು ಆಸ್ಪತ್ರೆಗೆ ನೋಡಾಕೋದಾಗ ಕೇಳ್ದೆ. ಕೆಂಪಿ ದಾರೀಲಿ ಒಂದ್ ಕಡೆ ಬಂದು ನಿಂತೋಗವ್ಳೆ ಅಂದ. ಅತ್ಲಾಗೆ ಚಂದ್ರನೂ ಎಳಿಯಾಕಿಲ್ಲ, ಇತ್ಲಾಗೆ ಭೂಮಿನೂ ಎಳಿಯಾಕಿಲ್ಲ. ‘ಇಲ್ಲಿಂದ ಮುಂದ್ಕೆ ನಂಗೆ ಬರಾಕಿಲ್ಲ ವೀರಮ್ಮ, ನನ್ ಮಗಳಿಗೇ ಗೊತ್ತಿರಾದು. ಸೈನ್ಸ್ ಮೇಡಮ್ಮು. ಕೇಳಾಕೆ ನಾಚ್ಕೆ ಆಯ್ತದೆ’ ಅಂದ.”

ಸೌಮ್ಯ ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಕೆಮ್ಮಣ್ಣಾಯಿತು.

“ಅಲ್ಲಿ ತೂಕವೇ ಇರಲ್ಲ, ದೊಡ್ಡವ್ವ,” ಅಂದಳು, ತರಗತಿಯಲ್ಲಿ ಹೇಳುವ ದನಿಯಲ್ಲಿ. “ಒಂದು ಸಣ್ಣ ನೂಕು ಸಾಕು. ಹಿಂದಿನಿಂದ ಯಾರಾದರೂ ಬೆರಳಲ್ಲಿ ಮುಟ್ಟಿದರೂ ಹೊರಟುಬಿಡ್ತಾಳೆ.”

“ಅಷ್ಟ್ ಮ್ಯಾಲೆ ಮುಟ್ಟಾಕೆ ಯಾರವ್ರೆ?” ಎಂದರು ಮಹದೇವಯ್ಯ.

ಸೌಮ್ಯ ಹೊಸ ಮಣ್ಣಿನ ಕಡೆಗೆ ತಿರುಗಿದಳು. ಆಮೇಲೆ ಅಂದಳು: “ಒಬ್ಬ ಕಂಡಕ್ಟರು. ಅವಳ ಹಿಂದೆಯೇ ದಾರ ಹತ್ತಿಕೊಂಡು ಬಂದಿದ್ದ, ಟಿಕೆಟ್ ಕೇಳೋಕೆ.”

ಮೊದಲು ನಕ್ಕದ್ದು ಅವ್ವ. ಆಮೇಲೆ ಇಡೀ ಹೊಲವೇ ನಕ್ಕಿತು. ಸ್ವಾಮಿಗಳೂ ಶಲ್ಯದ ತುದಿಯಿಂದ ಬಾಯಿ ಮುಚ್ಚಿಕೊಂಡರು.

“ಆಮೇಕೆ?” ಎನ್ನುತ್ತಾ ವೀರಮ್ಮ ಕಾಲು ಚಾಚಿ ಬದುವಿನ ಮೇಲೆ ಕುಳಿತಳು. ಅವಳನ್ನು ನೋಡಿ ಉಳಿದವರೂ ಕುಳಿತರು.

ಹನೂರಿನ ಕಡೆಗೆ ಹೋಗುವ ಮಧ್ಯಾಹ್ನದ ಬಸ್ಸು ಬಂದು, ರಸ್ತೆಯಲ್ಲಿ ನಿಂತು ಹಾರನ್ ಹೊಡೆಯಿತು. ಯಾರೂ ಏಳಲಿಲ್ಲ. ಇನ್ನೊಮ್ಮೆ ಹೊಡೆಯಿತು. ಆಮೇಲೆ ಇಂಜಿನ್ ಆಫ್ ಆಯಿತು. ಕಿಟಕಿಗಳಲ್ಲಿ ತಲೆಗಳು ಮೂಡಿದವು. ಕಂಡಕ್ಟರು ಬಾಗಿಲಿನಿಂದ ಇಳಿದು, ಬ್ಯಾಗನ್ನು ಕಂಕುಳಿಗೆ ಒತ್ತಿಕೊಂಡು, ಏನು ನಡೆಯುತ್ತಿದೆಯೆಂದು ಕೇಳಿಸಿಕೊಳ್ಳಲು ಉತ್ತ ಸಾಲುಗಳನ್ನು ಒಂದೊಂದಾಗಿ ದಾಟುತ್ತಾ ಬರತೊಡಗಿದ.